ಪಿ.ಟಿ. ಸರ್‌ಗೆ ಹೇಳದೆ ಉಳಿದದ್ದು

ನಮ್ಮ ಪಿ.ಟಿ. ಸರ್ ಅವರ ಬಲ ಮೊಣಕಾಲು ಮಡಚಿದಾಗಲೆಲ್ಲ ಲಟಕ್ಕೆಂದು ಸದ್ದು ಮಾಡುತ್ತಿತ್ತು. ಖೋ ಖೋ ಸಾಲಿನಲ್ಲಿ ನಾವು ಎಂಟು ಹುಡುಗಿಯರು ಒಬ್ಬಳು ಆ ಕಡೆ, ಒಬ್ಬಳು ಈ ಕಡೆ ಮುಖಮಾಡಿ ಕುಳಿತಿರುವಾಗ ಆ ಸದ್ದು ಕೇಳಿತೆಂದರೆ, ಅವರು ಯಾರದೋ ಬೆನ್ನ ಹಿಂದೆ ಬಂದು ಕುಕ್ಕರುಗಾಲಿನಲ್ಲಿ ಕುಳಿತಿದ್ದಾರೆ ಎಂದು ತಿಳಿಯುತ್ತಿತ್ತು. ಕಾಲೇಜಿನ ದಿನಗಳಲ್ಲಿ ಆಟ ಆಡಿ ಆಡಿ ಹಾಳಾದ ಕಾಲು ಅದು. ಬಿಳಿ ಕ್ಯಾನ್ವಾಸ್ ಬೂಟಿಗೆ ಯಾವಾಗಲೂ ನಮ್ಮೂರ ಕರಿಮಣ್ಣು ಮೆತ್ತಿರುತ್ತಿತ್ತು.

ಅತನೂರ ದಾಟಿ ಎರಡು ಹಳ್ಳಿ ಆಚೆ ನಮ್ಮೂರು. ಹೈಸ್ಕೂಲಿನ ಹಿಂದೆ ತೊಗರಿ ಹೊಲ, ಹೊಲಕ್ಕೂ ಶಾಲೆಗೂ ನಡುವೆ ನಮ್ಮ ಮೈದಾನ. ನನಗೊಂದು ಕೆಟ್ಟ ಚಾಳಿ ಇತ್ತು. ಬೆನ್ನಿಗೆ ಕೈ ತಾಗಿ ‘ಖೋ’ ಎನ್ನುವ ಮೊದಲೇ ಎದ್ದುಬಿಡುತ್ತಿದ್ದೆ. ಪ್ರತಿ ಸಲವೂ ಫೌಲ್. ಹಿಂದಿನ ಸರ್ ಆಗಿದ್ದರೆ ಕೋಲು ತೋರಿಸುತ್ತಿದ್ದರು. ಇವರು ಹಿಂದೆ ಬಂದು ಕುಳಿತು, ನನಗಷ್ಟೇ ಕೇಳುವಂತೆ ಹೇಳಿದರು:

“ಮೊದ್ಲ ಎದ್ದದ್ದು ಕಾಲಲ್ಲ ಬೇ, ನಿನ್ನ ಎದಿ. ಕಾಲು ಅದರ ಮಾತು ಕೇಳ್ತದ ಅಷ್ಟ. ನಾಳಿ ಎದಿ ಎದ್ದಾಗ ‘ಹೂಂ, ಎದ್ದದ’ ಅಂತ ಸುಮ್ನ ನೋಡು. ಕಾಲು ತಾನ ಕುಂತಿರ್ತದ.”

ಹದಿನೈದು ದಿನ ಹಿಡಿಯಿತು. ಆಮೇಲೆ ನಾನು ಫೌಲ್ ಮಾಡಿದ್ದು ನೆನಪಿಲ್ಲ. ಹತ್ತನೇ ಕ್ಲಾಸಿಗೆ ಬಂದಾಗ ನನ್ನನ್ನೇ ಕ್ಯಾಪ್ಟನ್ ಮಾಡಿದರು.

ಆಟ ಮುಗಿದ ಮೇಲೆ ಬೇವಿನ ಗಿಡದ ಕೆಳಗೆ ನಮ್ಮನ್ನು ದುಂಡಗೆ ಕೂರಿಸುತ್ತಿದ್ದರು. ಪ್ರತಿಯೊಬ್ಬಳೂ ಆ ದಿನ ತನ್ನ ಒಳಗೆ ಹೇಗಿದೆ ಎಂದು ಹೇಳಬೇಕು. ‘ಚಲೋ ಅದ’ ಎನ್ನುವಂತಿಲ್ಲ. ಮೊದಮೊದಲು ನಾವು ದುಪ್ಪಟ್ಟಾ ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದೆವು. ಒಂದು ದಿನ ಎಂಟನೇ ಕ್ಲಾಸಿನ ಚಿಕ್ಕ ಹುಡುಗಿಯೊಬ್ಬಳು, “ಹೊಟ್ಟ್ಯಾಗ ಕಲ್ಲಿಟ್ಟಂಗ ಆಗ್ಯಾದ್ರಿ ಸರ್” ಎಂದಳು. ಯಾರೂ ನಗಲಿಲ್ಲ. ಸರ್ ಬುದ್ಧಿಮಾತು ಹೇಳಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. “ಹೂಂ” ಎಂದು ಪೂರ್ತಿ ಕೇಳಿಸಿಕೊಂಡು ಮುಂದಿನವಳ ಕಡೆ ತಿರುಗಿದರು. ಅವರು ಮತ್ತೆ ಮತ್ತೆ ಹೇಳುತ್ತಿದ್ದುದು ಒಂದೇ: “ಗಾಬರಿ ಅನ್ನೋದು ಗದ್ದಲ ಮಾಡ್ತದ, ಹತ್ತು ಸಲ ಒದರ್ತದ. ಒಳಗಿನ ಮಾತು ಒಂದ ಸಲ ಹೇಳಿ ಸುಮ್ನಾಗ್ತದ. ಎರಡರ ಫರಕ್ ತಿಳ್ಕೋರಿ.”

ಅಫಜಲಪುರದ ತಾಲೂಕು ಪಂದ್ಯದಲ್ಲಿ ಒಂದೇ ಒಂದು ಅಂಕದಿಂದ ಸೋತೆವು. ಕೊನೆಯಲ್ಲಿ ತಪ್ಪು ಮಾಡಿದ ಆ ಚಿಕ್ಕ ಹುಡುಗಿಯ ಕೆನ್ನೆಗೆ ನಾನು ಎಲ್ಲರೆದುರು ಹೊಡೆದೆ. ವಾಪಸ್ ಬರುವಾಗ ಸರ್ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತು, “ಹೊಡದಾಗ ಕೈ ಬಿಸಿ ಇತ್ತೋ, ತಣ್ಣಗಿತ್ತೋ?” ಎಂದು ಕೇಳಿದರು. ನೆನಪು ಮಾಡಿಕೊಂಡು, “ತಣ್ಣಗಿತ್ರಿ” ಎಂದೆ.

“ಹಂಗಾದ್ರ ಅದು ಸಿಟ್ಟಲ್ಲ, ಅಂಜಿಕಿ. ಊರಾಗ ಮುಖ ಹೆಂಗ ತೋರಸ್ಲಿ ಅಂತ ಅಂಜಿದಿ. ನೀ ಅಂಜಿದ್ದಕ್ಕ ಆ ಕೂಸಿಗಿ ಯಾಕ ಬಡದಿ?”

ನಾನು ಎದ್ದು ಹೋಗಿ ಆ ಹುಡುಗಿಯ ಪಕ್ಕ ಕುಳಿತೆ. ಊರು ಬರುವವರೆಗೂ ಅತ್ತೆ.

ಆ ವರ್ಷದ ಚಳಿಗಾಲದಲ್ಲಿ ನನ್ನ ಗೆಳತಿ ಶರಣಮ್ಮ ಗಿಡದ ಕೆಳಗೆ ಕುಳಿತು, “ಮನ್ಯಾಗ ನನ್ನ ಲಗ್ನ ನಿಕ್ಕಿ ಮಾಡ್ಯಾರ್ರಿ ಸರ್. ಕೇಳಿದಾಗಿಂದ ಉಸಿರು ಅರ್ಧಕ್ಕ ನಿಂದರಾಕತ್ತದ” ಎಂದಳು. ಅವಳಿಗೂ ನನಗೂ ಆಗ ಹದಿನಾರು. ಸರ್, “ಮನಿಗಿ ಬಂದು ನಾ ಮಾತಾಡ್ಲೇನವ್ವಾ?” ಎಂದರು. ಅವಳು ತಲೆ ಅಲ್ಲಾಡಿಸಿದಳು. “ಬ್ಯಾಡ್ರಿ. ನಂಗ ಬ್ಯಾಡ ಅಂತ ನಾನೇ ಹೇಳ್ತೇನಿ.”

ಹೇಳಿಯೂ ಬಿಟ್ಟಳು. ಅವಳಪ್ಪ ಅವಳನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿದ. ಪಿ.ಟಿ. ಮಾಸ್ತರ ಹುಡುಗಿಯರ ತಲೆ ಕೆಡಿಸುತ್ತಿದ್ದಾನೆ, ಮನೆಯ ಮಾತನ್ನು ಬಯಲಿಗೆ ಹಾಕಿಸುತ್ತಿದ್ದಾನೆ ಎಂದು ಶಾಲೆಯ ಸಮಿತಿಗೆ ದೂರು ಕೊಟ್ಟ. ಸಮಿತಿಯಲ್ಲಿ ನಮ್ಮ ದೊಡ್ಡಪ್ಪನೂ ಇದ್ದ. ಕ್ಯಾಪ್ಟನ್ ಎಂದು ನನ್ನನ್ನು ಹೆಡ್‌ಮಾಸ್ತರ ಕೋಣೆಗೆ ಕರೆಸಿದರು. ಸರ್ ಕಿಟಕಿಯ ಹತ್ತಿರ ನಿಂತಿದ್ದರು.

ದೊಡ್ಡಪ್ಪನೇ ಕೇಳಿದ: “ಲಗ್ನ ಒಲ್ಲೆ ಅನ್ನು ಅಂತ ಮಾಸ್ತರ ಆಕಿಗಿ ಹೇಳಿಕೊಟ್ನೋ ಇಲ್ಲೋ? ನೀ ಅಲ್ಲೇ ಇದ್ದೆಲ್ಲ?”

‘ಇಲ್ಲ’ ಎಂಬ ಒಂದು ಮಾತು ಸಾಕಿತ್ತು. ನನ್ನೊಳಗೆ ಅದು ಸ್ಪಷ್ಟವಾಗಿ ಒಂದು ಸಲ ಬಂತು, ಸುಮ್ಮನಾಯಿತು. ಆಮೇಲೆ ಗದ್ದಲ ಶುರುವಾಯಿತು. ಮನೆಗೆ ಹೋದರೆ ಏನಾಗುತ್ತದೆ, ನನ್ನನ್ನೂ ಶಾಲೆ ಬಿಡಿಸುತ್ತಾರೇನೋ, ಅಪ್ಪ ಏನೆನ್ನುತ್ತಾನೆ. ಯಾವುದು ಏನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ದೊಡ್ಡಪ್ಪನ ಹೆಗಲ ಮೇಲಿನ ಟವೆಲ್ ನೋಡುತ್ತ, “ನಂಗೊತ್ತಿಲ್ರಿ” ಎಂದೆ.

ಸರ್ ನನ್ನ ಕಡೆ ಒಮ್ಮೆ ನೋಡಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಅವರಿಗೆ ಆಳಂದ ತಾಲೂಕಿನಲ್ಲಿ ಮಾದನಹಿಪ್ಪರಗಾ ಕಡೆಯ ಹಳ್ಳಿಗೆ ವರ್ಗವಾಗಿತ್ತು. ಶರಣಮ್ಮ ಮಾತ್ರ ಸೋಲಲಿಲ್ಲ. ಊಟ ಬಿಟ್ಟಳು, ಹೊಡೆತ ತಿಂದಳು, ಒಲ್ಲೆ ಎಂದದ್ದನ್ನು ಬದಲಿಸಲಿಲ್ಲ. ಕೊನೆಗೆ ಹುಡುಗನ ಮನೆಯವರೇ ಬೇಸತ್ತು ಬಿಟ್ಟರು. ಒಂದು ವರ್ಷ ತಡವಾಗಿ ಪರೀಕ್ಷೆ ಕಟ್ಟಿದಳು, ನರ್ಸಿಂಗ್ ಓದಿದಳು. ಈಗ ಅಫಜಲಪುರದಲ್ಲಿ ನರ್ಸ್.

ಹತ್ತು ವರ್ಷದ ಮೇಲೆ ಕಲಬುರಗಿ ಬಸ್‌ಸ್ಟ್ಯಾಂಡಿನಲ್ಲಿ ಸರ್ ಸಿಕ್ಕರು. ನಾನು ಆಗ ಜೇವರ್ಗಿ ತಾಲೂಕಿನ ನೆಲೋಗಿ ಕಡೆಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ಸರ್ ಅವರ ತಲೆ ಪೂರಾ ಬೆಳ್ಳಗಾಗಿತ್ತು. ಅವರೇ ಗುರುತು ಹಿಡಿದು ಚಹಾ ಕೊಡಿಸಿದರು. ಶುಗರ್ ಬಂದಿದೆ ಎಂದು ತಮಗೆ ಸಕ್ಕರೆ ಇಲ್ಲದ್ದು ಹೇಳಿದರು. ನಾನು ನನ್ನ ನೌಕರಿ, ಅವರ ಔಷಧ, ಬಿಸಿಲು, ಬಸ್ಸು ಎಲ್ಲದರ ಬಗ್ಗೆ ಮಾತಾಡಿದೆ. ಕ್ಷಮೆಯ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಶರಣಮ್ಮನ ಹೆಸರು ತೆಗೆದರೆ ಆ ಕೋಣೆಯ ಮಾತೂ ಬರುತ್ತದೆ ಎಂದು ಅವಳ ಸುದ್ದಿಯನ್ನೂ ಹೇಳಲಿಲ್ಲ. ಆಳಂದ ಬಸ್ಸು ಬಂತು. “ಮನಿಗಿ ಬರ್ತೇನಿ ಸರ್” ಎಂದೆ. “ಬಾ ಬೇ, ಯಾವಾಗರೆ ಬಾ” ಎಂದು ಹತ್ತಿದರು.

ನಾನು ಹೋಗಲಿಲ್ಲ. ಈ ರಜೆಗೆ, ಮುಂದಿನ ರಜೆಗೆ ಎನ್ನುತ್ತ ಎರಡು ವರ್ಷ ಕಳೆದೆ. ಹೋದ ವರ್ಷ ನಮ್ಮ ಆಟದ ಹುಡುಗಿಯರ ವಾಟ್ಸಾಪ್ ಗ್ರೂಪಿನಲ್ಲಿ ಅವರ ಫೋಟೋ ಬಂತು, ಹೂವಿನ ಹಾರ ಹಾಕಿದ್ದು.

ಮೂರನೇ ದಿನ ಆಳಂದದಲ್ಲಿ ಬಸ್ಸು ಬದಲಿಸಿ ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ಎಂದೂ ನೋಡಿರಲಿಲ್ಲ. ಸರ್ ಗಿಡದ ಕೆಳಗೆ ಕೂರಿಸಿ ಮಾತಾಡಿಸುತ್ತಿದ್ದುದನ್ನು ಹೇಳಿದೆ. ಅವರು ನಿಟ್ಟುಸಿರು ಬಿಟ್ಟರು.

“ಅದು ಅಲ್ಲಿದ್ದಾಗ. ಇಲ್ಲಿ ಬಂದ ಮ್ಯಾಲ ಬಿಟ್ಟೇ ಬಿಟ್ರವ್ವ. ಮಕ್ಕಳಿಗಿ ಆಡಸೋದು, ಮನಿಗಿ ಬರೋದು, ಅಷ್ಟ. ಯಾಕ್ರಿ ಅಂತ ಕೇಳಿದ್ರ, ‘ಎರಡು ವರ್ಷ ಕೈಹಿಡದು ಕಲಿಸಿದ ಹುಡುಗಿನೇ ಹೊತ್ತು ಬಂದಾಗ ಬಾಯಿ ಬಿಡಲಿಲ್ಲ. ನನ್ನ ಕಲಸೋದ್ರಾಗ ಏನೋ ತಪ್ಪದ’ ಅಂತಿದ್ರು.”

“ಆ ಹುಡುಗಿ ನಾನೇ, ಅಮ್ಮಾ” ಎಂದೆ.

ಆಮೇಲೆ ಎಲ್ಲವನ್ನೂ ಹೇಳಿದೆ. ಶರಣಮ್ಮ ಹೇಗೆ ಗಟ್ಟಿಯಾಗಿ ನಿಂತಳು, ಈಗ ಏನಾಗಿದ್ದಾಳೆ, ಸರ್ ಕಲಿಸಿದ್ದರಲ್ಲಿ ಯಾವ ತಪ್ಪೂ ಇರಲಿಲ್ಲ ಎನ್ನುವುದನ್ನೂ. ಅವರು ಗೋಡೆಯ ಫೋಟೋದ ಕಡೆ ನೋಡುತ್ತ ಕೇಳಿಸಿಕೊಂಡರು. ನನ್ನನ್ನು ಬೈಯಲಿಲ್ಲ.

“ಇಷ್ಟು ಮಾತು ಅವರಿಗಿ ಹೇಳಬೇಕಾಗಿತ್ತಲ್ಲ ಬೇ,” ಎಂದರು. “ನಂಗ ಹೇಳಿ ಏನ್ ಮಾಡ್ತಿ?”

ಈಗ ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮ ಕ್ಲಾಸಿನ ಮಕ್ಕಳನ್ನು ದುಂಡಗೆ ಕೂರಿಸಿ, ಒಳಗೆ ಹೇಗಿದೆ ಎಂದು ಕೇಳುತ್ತೇನೆ. ‘ಇದು ನಿಮಗ ಯಾರು ಕಲಿಸ್ಯಾರ್ರಿ ಟೀಚರ್?’ ಎಂದು ಅವರು ಕೇಳುತ್ತಾರೆ. ಸರ್ ಬಗ್ಗೆ ಹೇಳುತ್ತೇನೆ. ಹೆಡ್‌ಮಾಸ್ತರ ಕೋಣೆಯಲ್ಲಿ ನಾನು ಏನಂದೆ ಎನ್ನುವುದನ್ನೂ ಬಿಡದೆ ಹೇಳುತ್ತೇನೆ. ಹುಡುಗಿಯರು ಸ್ವಲ್ಪ ಹೊತ್ತು ನನ್ನನ್ನು ಬೇರೆಯೇ ರೀತಿ ನೋಡುತ್ತಾರೆ. ನೋಡಲಿ.