ತಡವಾದ ಎಡಗೈ

ಗಂಡ ಸತ್ತ ಮೇಲೆ ಅಕಾರ್ಡಿಯನ್ ನುಡಿಸುವವಳು ಮೊದಲ ಸಲ ಕುಣಿತದ ಹಾಲಿಗೆ ಬಂದಳು. ವಾರವೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ, ಭಾನುವಾರ ಮಧ್ಯಾಹ್ನ ಇಲ್ಲಿ. ಅದೇ ಅವಳ ಬದುಕು. ಗಂಡನ ಡ್ರಮ್ಮಿನ ಹಿಂದೆ ಈಗ ಮೈದುನ ಕೂತಿದ್ದ. ಬಸ್ ಮೆಕ್ಯಾನಿಕ್. ಉಗುರಿನ ಸಂದಿಯ ಗ್ರೀಸ್ ಕೂಡ ಹೋಗಿರಲಿಲ್ಲ.

ಹಾಲಿನ ಯಜಮಾನ ಮುಚ್ಚುಮರೆ ಮಾಡಲಿಲ್ಲ. "ನೋಡಮ್ಮ, ಜನ ಕುಣಿದ್ರೆ ಸರಿ. ಕೂತುಬಿಟ್ರೆ ಮುಂದಿನ ವಾರದಿಂದ ರೆಕಾರ್ಡ್ ಹಾಕ್ತೀನಿ. ಬೇಜಾರು ಮಾಡ್ಕೋಬೇಡ."

ಈ ಹಾಲೂ ಕೈತಪ್ಪಿದರೆ, ಗಂಡನ ಜೊತೆ ಸೇರಿ ಕಟ್ಟಿದ್ದು ಒಂದೂ ಉಳಿಯುವುದಿಲ್ಲ. ಅವಳು ಹೂಂ ಅಂದಳು.

ತಡೆದು ತಡೆದು ಹೆಜ್ಜೆ ಹಾಕುವ ಟ್ಯಾಂಗೋ ಕುಣಿತದ ಸಂಗೀತ ಅವಳಿಗೆ ಅಪ್ಪನಿಂದ ಬಂದದ್ದು. ಗಂಡ ಬಿಸಿಲು ಸುಡುವ ಕಡಲತೀರದ ಊರಿನವನು. ಅವನು ಬಾರಿಸಿದರೆ ಯಾರ ಕಾಲೂ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ದಿನಾ ಜಗಳ.

"ನಿನ್ನ ಟ್ಯಾಂಗೋ ಹೆಣ ಹೊತ್ತವರ ನಡಿಗೆ ಕಣೇ."

"ನಿಂದು ಮನೆಗೆ ಬೆಂಕಿ ಬಿದ್ದವರ ಓಟ, ಹೋಗೋ."

ಆಮೇಲೆ ಅವನು ಗೋಡೆಗೆ ಬಣ್ಣ ಹೊಡೆಯುವಾಗ ಏಣಿಯಿಂದ ಬಿದ್ದ. ಎಡ ಮೊಣಕೈ ಮತ್ತೆ ನೆಟ್ಟಗಾಗಲಿಲ್ಲ. ಎಡಗೈಯ ಏಟು ಒಂದು ಚೂರು ತಡ. ಅವಳು ಬೈದಳು, ಅತ್ತಳು, ಕೊನೆಗೆ ಟ್ಯಾಂಗೋದಲ್ಲಿ ತಡೆದು ನಿಲ್ಲುವ ಜಾಗವನ್ನೇ ಆ ಕೈಗೆ ಬಿಟ್ಟುಕೊಟ್ಟಳು. ಎರಡು ಸಂಗೀತ ಅಲ್ಲಿ ಕೂಡಿಕೊಂಡವು. ಜಗಳ ನಿಂತಿತು ಅಂತಲ್ಲ.

ಈಗ ಮೈದುನ ಬಾರಿಸಿದ. ಏಟು ಗಡಿಯಾರದ ಹಾಗೆ. ದರ್ಜಿ ತನ್ನ ಹೆಂಡತಿಯ ಕಾಲು ತುಳಿದ. ಮೀನು ಮಾರುವವಳು ಕಂಬಕ್ಕೆ ಡಿಕ್ಕಿ ಹೊಡೆದಳು.

"ಏನಯ್ಯಾ ಮೆಕ್ಯಾನಿಕ್ಕು, ತಾಳ ತಪ್ತಾ ಇದೀಯ!" ದರ್ಜಿ ಕೂಗಿದ.

"ಸರಿಯಾಗೇ ಬಾರಿಸ್ತಿದೀನಿ!"

"ಸರಿಯಾಗಿ ಬಾರಿಸಿದ್ರೆ ನಾವ್ಯಾಕಯ್ಯ ಬೀಳ್ತೀವಿ?"

ಜನ ಕುರ್ಚಿಗಳ ಕಡೆ ಹೊರಟರು. ಯಜಮಾನ ರೆಕಾರ್ಡಿನ ಪೆಟ್ಟಿಗೆಯ ಮುಚ್ಚಳ ತೆಗೆದ.

ಅವಳಿಗೆ ಆಗ ಹೊಳೆಯಿತು. ಇಷ್ಟು ವರ್ಷ ಇವರೆಲ್ಲ ಕುಣಿದದ್ದು ಆ ಮುರಿದ ಮೊಣಕೈಗೆ.

"ಲೋ, ಎಡಗೈ ತಡ ಮಾಡು."

"ಅತ್ತಿಗೆ, ಅದು ತಪ್ಪಲ್ವಾ?"

"ತಪ್ಪೇ. ನಿಮ್ಮಣ್ಣಂದು. ಬಾರಿಸು."

"ಎಷ್ಟು ತಡ ಮಾಡ್ಲಿ?"

"ಅವರ ಕಾಲು ನೋಡು. ಅವಕ್ಕೆ ಗೊತ್ತು."

ಅಕಾರ್ಡಿಯನ್ ಎಳೆದಳು. ತಡೆದು ನಿಲ್ಲುವ ಜಾಗ ಬಂತು, ಸ್ವರ ತಡೆದಳು. ಮೀನಿನವಳ ಕಾಲು ತಡವಾಗಿ ನೆಲಕ್ಕೆ ಬಿತ್ತು. ಅದರ ಜೊತೆಗೇ ಮೈದುನನ ಎಡಗೈ. ಅತ್ತಿಗೆಯ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

"ಹಾಂ! ಈಗ ತಾಳ ಹಿಡಿದ ನೋಡು," ಎನ್ನುತ್ತ ದರ್ಜಿ ಹೆಂಡತಿಯನ್ನು ಎಳೆದುಕೊಂಡು ಹಾಲಿನ ನಡುವಿಗೆ ಬಂದ.

ಯಜಮಾನ ಪೆಟ್ಟಿಗೆ ಮುಚ್ಚಿದ. ನಿಂತಲ್ಲೇ ಕಾಲಲ್ಲಿ ತಾಳ ಹಾಕಿದ. ಅದೂ ತಡವಾಗಿಯೇ.