ಎಡಮೂಲೆಯ ಬಟನ್

ಬೆಟಗೇರಿಯ ನಮ್ಮ ಲಗ್ನಪತ್ರಿಕೆ ಅಂಗಡಿಗೆ ಬಂದ ಹೊಸ ಕಂಪ್ಯೂಟರಿನ ಪರದೆಯಲ್ಲಿ, ಎಡಮೂಲೆಯ ಸ್ಟಾರ್ಟ್ ಬಟನ್ ಇರಲಿಲ್ಲ. ಹಿಂದೆ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಚಾಚಾ ಯಾವ ಅಕ್ಷರದ ಖಾನೆಯನ್ನೂ ನೋಡದೆ ಮುಟ್ಟುತ್ತಿದ್ದರು. ಕಂಪ್ಯೂಟರನ್ನೂ ಹಾಗೆಯೇ, ಜಾಗದ ಗುರುತಿನಿಂದ ಕಲಿತಿದ್ದರು.

“ಬಾಗಲಾ ಕಿತ್ತು ಬರೇ ಗ್ವಾಡಿ ಇಟ್ಟಾರಲ್ಲವಾ! ಒಳಗ ಹೆಂಗ ಹೋಗೂದು?” ಎಂದು ನಕ್ಕರು.

ಹೊಸದು ಕಲಿಯದವರಿಗೆ ಕೆಲಸವಿಲ್ಲ ಎಂದು ಮಾಲೀಕರು ಹೇಳಿದ್ದರು. ಹಳೆಯ ರೂಢಿ ಬಿಡುತ್ತಿದೆಯೇ ಎಂದು ನೋಡಲು, ಚಾಚಾ ಮೌಸನ್ನು ಆ ಖಾಲಿ ಮೂಲೆಗೆ ಒಯ್ದಾಗಲೆಲ್ಲ ನಾನು ಡೈರಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಸೋಮವಾರ ಮೂವತ್ತೊಂದು, ಮಂಗಳವಾರ ಇಪ್ಪತ್ತಾರು, ಬುಧವಾರ ಮತ್ತೆ ಮೂವತ್ತು. ಗುರುವಾರ ಸೊನ್ನೆ.

“ಕಲತ್ರಿ ಬಿಡ್ರಿ ಚಾಚಾ!” ಎಂದು ಖುಷಿಯಿಂದ ತಿರುಗಿದೆ. ಅವರ ಪರದೆ ಕಪ್ಪಾಗಿತ್ತು. ಪತ್ರಿಕೆಯನ್ನು ಪೆನ್ನಿನಿಂದ ಹಾಳೆಯ ಮೇಲೆ ಬರೆಯುತ್ತಿದ್ದರು.

“ಇದನ್ನ ನೀನ ಟೈಪ್ ಹೊಡದು ಕೊಡವಾ,” ಎಂದರು ಮೆಲ್ಲಗೆ.

ಸಂಜೆ ಮಾಲೀಕರು ಕೇಳಿದರು: “ಚಾಚಾ ಕಲತ್ರೇನು?”

ನಾನು ಡೈರಿ ತೆರೆದು ಆ ಸೊನ್ನೆಯನ್ನು ತೋರಿಸಿದೆ.