ಪದ್ಮತ್ತೆ ಕಾಲೇಜು ಆರಿಸಿದ್ದು

ಪರಿಚಯವೇ ಇಲ್ಲದವರ ಮನೆಯ ಗೇಟು ತೆರೆದು ಒಳಗೆ ಹೋಗಿ, "ನಿಮ್ಮ ಮಾಳಿಗಿ ಮ್ಯಾಲೆ ಸೋಲಾರ್ ಐತೆಲ್ರೀ, ಅದು ಮಳಿಗಾಲದಾಗೂ ನೀರು ಕಾಸ್ತದೇನು?" ಎಂದು ಕೇಳುವ ಧೈರ್ಯ ನಾನು ಕಂಡವರಲ್ಲಿ ಪದ್ಮತ್ತೆಯೊಬ್ಬಳಿಗೇ ಇತ್ತು. ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಗೆ ಸೋಲಾರ್ ಹಾಕಿಸಬೇಕೆಂದು ಅಪ್ಪ ಮಾತೆತ್ತಿದ್ದೇ ತಡ, ಅವಳು ಸೆರಗು ಸಿಕ್ಕಿಸಿಕೊಂಡು ಓಣಿಯುದ್ದಕ್ಕೂ ಮಾಳಿಗೆಗಳನ್ನು ನೋಡುತ್ತ ಹೊರಟಿದ್ದಳು. ಒಂದು ಮನೆಯವರು ಚಹಾ ಕೊಟ್ಟರು, ಇನ್ನೊಂದು ಮನೆಯ ನಾಯಿ ಅಟ್ಟಿಸಿಕೊಂಡು ಬಂತು. ವಾಪಸು ಬಂದು ಅಪ್ಪನಿಗೆ, "ಅಂಗಡಿಯಾಂವ ಚಲೋನ ಹೇಳ್ತಾನಣ್ಣಾ. ತಗೊಂಡು ಕುಂತವರನ್ನ ಕೇಳಬೇಕು," ಅಂದಳು. ಅಪ್ಪ ನೋಡಿಟ್ಟಿದ್ದ ಕಂಪನಿಯ ಸೋಲಾರ್ ನಾವು ಕೊಳ್ಳಲಿಲ್ಲ.

ಪದ್ಮತ್ತೆ ಅಪ್ಪನ ತಂಗಿ. ಬಿ.ಎ. ಮುಗಿದ ಕೂಡಲೇ ಖಾನಾಪುರದ ಹಂಚಿನ ಭಟ್ಟಿಯವರ ಮನೆಗೆ ಅವಳನ್ನು ಕೊಟ್ಟಿದ್ದರು. ನಮ್ಮ ಹಾಗೆಯೇ ತಲೆಮಾರುಗಳಿಂದ ಇಲ್ಲೇ ಇದ್ದ ಜೈನ ಕುಟುಂಬ. ಮಕ್ಕಳಾಗಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಮಾವ ಹೃದಯಾಘಾತದಿಂದ ತೀರಿಕೊಂಡರು. ಆಮೇಲೆ ಆ ದೊಡ್ಡ ಮನೆಯಲ್ಲಿ ಅವಳ ಗಂಡನ ಅಣ್ಣ ಜಿನ್ನಪ್ಪನವರದೇ ಯಜಮಾನಿಕೆ. ಅವರು ಕೆಟ್ಟವರಲ್ಲ. ಎಂದೂ ಎತ್ತರದ ದನಿಯಲ್ಲಿ ಮಾತನಾಡಿದವರಲ್ಲ. ಆದರೆ ಬೆಳಗಾವಿಗೆ ಬರಬೇಕೆಂದರೆ ಬಸ್ಸಿನ ಖರ್ಚಿಗೂ ಅವಳು ಅವರ ಮುಂದೆ ನಿಲ್ಲಬೇಕಿತ್ತು. ಭಟ್ಟಿಯ ಪತ್ರವ್ಯವಹಾರವನ್ನೆಲ್ಲ ಬರೆಯುತ್ತಿದ್ದವಳು ಅವಳೇ, ಅದಕ್ಕೆ ಪಗಾರವೆಂಬುದು ಇರಲಿಲ್ಲ. ಮನೆಯವರಿಗೆ ಯಾರು ಪಗಾರ ಕೊಡುತ್ತಾರೆ?

ನಾನು ಪಿ.ಯು. ಮುಗಿಸಿ ವಕೀಲಳಾಗುತ್ತೇನೆಂದು ಹಟ ಹಿಡಿದಾಗ ಮನೆಯ ಮುಂದೆ ಎರಡು ದಾರಿಗಳಿದ್ದವು. ಒಂದು, ಪುಣೆಯ ಖಾಸಗಿ ವಿಶ್ವವಿದ್ಯಾಲಯ. ಗಾಜಿನ ಕಟ್ಟಡ, ಹಾಸ್ಟೆಲು, ಕಂಪನಿಗಳೇ ಬಂದು ಕೆಲಸ ಕೊಟ್ಟು ಕರೆದೊಯ್ಯುತ್ತವೆ ಎಂಬ ಮಾತು. ಇನ್ನೊಂದು, ಬೆಳಗಾವಿಯ ಹಳೆಯ ಕಾನೂನು ಕಾಲೇಜು. ಅದರ ಐದೂ ವರ್ಷದ ಫೀ ಕೂಡಿಸಿದರೆ ಪುಣೆಯ ಒಂದು ವರ್ಷದ್ದಕ್ಕೆ ಸಮನಾಗುತ್ತಿರಲಿಲ್ಲ. ಫೌಂಡ್ರಿಯಲ್ಲಿ ಸೂಪರ್‌ವೈಸರ್ ಆಗಿದ್ದ ಅಪ್ಪ ಮನೆಯ ಮೇಲೆ ಸಾಲ ತೆಗೆಯಲು ತಯಾರಾಗಿದ್ದರು. ನನ್ನ ಮನಸ್ಸು ಪುಣೆಗೆ ಹಾರಿಯಾಗಿತ್ತು. ಅಮ್ಮ ಮಾತ್ರ, "ಒಮ್ಮಿ ಪದ್ಮಾನ್ನ ಕರಸ್ರಿ. ಆಕಿ ಕೇಳಲಿ," ಅಂದಳು.

ಪುಣೆಯವರು ನಮ್ಮೂರಿನ ಕ್ಯಾಂಪ್ ಪ್ರದೇಶದ ಹೋಟೆಲೊಂದರಲ್ಲಿ ಪಾಲಕರ ಸಭೆ ಇಟ್ಟಿದ್ದರು. ಟೈ ಕಟ್ಟಿದ್ದ ತರುಣನೊಬ್ಬ ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತ, ಹೋದ ವರ್ಷ ಅತಿ ಹೆಚ್ಚು ಸಂಬಳ ಪಡೆದ ವಿದ್ಯಾರ್ಥಿಯ ಫೋಟೋಗೆ ಬಂದು ನಿಂತ. ಸಭೆಯಲ್ಲಿ ಸಣ್ಣ ಉದ್ಗಾರವೆದ್ದಿತು. ಪದ್ಮತ್ತೆ ಎದ್ದು ನಿಂತಳು.

"ಮ್ಯಾಲಿನವನ ಪಗಾರ ಹೇಳಿದ್ರಿ, ಚಲೋ ಆತು. ನಡುವಿನವನ್ದು ಎಷ್ಟ್ರಿ?"

ಅವನು ನಕ್ಕು, ಅದು ವಿದ್ಯಾರ್ಥಿಯ ಪ್ರತಿಭೆಯನ್ನು ಅವಲಂಬಿಸಿರುತ್ತದೆ ಮೇಡಂ ಎಂದ.

"ಖರೇ ಐತಿ. ನಮ್ಮ ಹುಡುಗಿ ನಡುವಿನಾಕಿನೇ ಅದಾಳ. ಅದಕ್ಕ ಕೇಳಾಕತ್ತೇನಿ. ಕೆಲಸ ಸಿಗಲಾರದವರೂ ಇರ್ತಾರಲ್ರಿ, ಅವರೊಳಗ ಒಬ್ಬರ ನಂಬರ್ ಕೊಡ್ರಿ. ನಾ ಮಾತಾಡ್ತೇನಿ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಡುವಿನವಳು ಎಂದದ್ದು ಇನ್ನೂ ಚುಚ್ಚಿತು. ಆದರೆ ಅವಳ ಪ್ರಶ್ನೆಗೆ ಅವನು ಕೊನೆಗೂ ಉತ್ತರ ಕೊಡಲಿಲ್ಲ ಎಂಬುದನ್ನು ನಾನೂ ಗಮನಿಸಿದೆ.

ಮರುದಿನ ಅವಳು ನನ್ನನ್ನು ಜಿಲ್ಲಾ ಕೋರ್ಟಿಗೆ ಕರೆದುಕೊಂಡು ಹೋದಳು. ಕ್ಯಾಂಟೀನಿನಲ್ಲಿ ಕರಿ ಕೋಟು ತೋಳಿಗೆ ಹಾಕಿಕೊಂಡು ಚಹಾ ಕುಡಿಯುತ್ತಿದ್ದ ಕಿರಿಯ ವಕೀಲೆಯೊಬ್ಬಳ ಬಾಜು ಕುಳಿತು, ಬೆಳಗಾವಿಯಲ್ಲೇ ಓದಿದವಳೆಂದು ಖಾತ್ರಿ ಮಾಡಿಕೊಂಡು, ನೇರವಾಗಿ ಕೇಳಿದಳು. ಆ ಹುಡುಗಿ ಮೊದಲು ಸಂಕೋಚಪಟ್ಟಳು.

"ಸುಳ್ಳ ಯಾಕ ಹೇಳ್ಲಿ ಅಕ್ಕಾರ. ಮೊದಲ ಎರಡ ವರ್ಷ ಸೀನಿಯರ್ ಪೆಟ್ರೋಲಿಗೆ ಕೊಡ್ತಿದ್ರು, ಅಷ್ಟ. ಮನ್ಯಾಗ ಊಟ ಇತ್ತು ಅಂತ ತಡಕೊಂಡೆ. ನನ್ನ ಜೋಡಿ ಇದ್ದವರೊಳಗ ಭಾಳ ಮಂದಿ ಬಿಟ್ಟು ಹೋದ್ರು."

"ನೀ ಯಾಕ ಬಿಡಲಿಲ್ಲವಾ?"

"ನನ್ನ ಮ್ಯಾಲೆ ಸಾಲ ಇರಲಿಲ್ಲರಿ," ಎಂದಳು ಅವಳು.

ಹೊರಗೆ ಬಂದ ಮೇಲೆ ಪದ್ಮತ್ತೆ ಬೇವಿನ ಮರದ ಕೆಳಗೆ ನನ್ನನ್ನು ನಿಲ್ಲಿಸಿಕೊಂಡಳು. "ಶ್ರುತಿ, ನಾ ಹೋಗು ಅಂತಾನೂ ಹೇಳಂಗಿಲ್ಲ, ಬ್ಯಾಡ ಅಂತಾನೂ ಹೇಳಂಗಿಲ್ಲ. ದೊಡ್ಡ ಕಂಪನ್ಯಾಗ ಕುಂದರಬೇಕು ಅನ್ನಾಕಿ ಇದ್ರ ಪುಣೆಕ್ಕ ಹೋಗು, ಸಾಲ ತೀರತೈತಿ. ಇಲ್ಲೇ ಈ ಕೋರ್ಟಿನಾಗ ನಿಂತು ವಾದಾ ಮಾಡಬೇಕು ಅನ್ನಾಕಿ ಇದ್ರ, ಸಾಲ ಹೊತ್ಕೊಂಡು ಬರಬ್ಯಾಡ. ಸಾಲ ಇದ್ದಾಗ ಯಾವ ಕೆಲಸ ಮಾಡಬೇಕನ್ನೂದು ನೀ ಹೇಳಂಗಿಲ್ಲ, ಬ್ಯಾಂಕಿನಾಂವ ಹೇಳ್ತಾನ." ನಾನು ಒಂದು ವಾರ ಯೋಚಿಸಿದೆ. ಕಣ್ಣೀರು ಹಾಕಿದೆ. ಕೊನೆಗೆ ಬೆಳಗಾವಿಯೇ ಇರಲಿ ಅಂದೆ. ಪುಣೆಗೆ ಹೋದ ನನ್ನ ಗೆಳತಿಯೂ ಇಂದು ಚೆನ್ನಾಗಿಯೇ ಇದ್ದಾಳೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು.

ಪ್ರವೇಶಕ್ಕೆಂದು ಹೋದ ದಿನ ನನ್ನ ಕಾಗದಗಳೆಲ್ಲ ಮುಗಿದ ಮೇಲೆ ಪದ್ಮತ್ತೆ ಗುಮಾಸ್ತರ ಕಿಟಕಿ ಬಿಟ್ಟು ಕದಲಲಿಲ್ಲ.

"ಡಿಗ್ರಿ ಆದವರಿಗೆ ಮೂರು ವರ್ಷದ್ದು ಐತೆಲ್ರಿ. ಅದಕ್ಕ ವಯಸ್ಸಿನ ಅಡ್ಡಿ ಏನರ ಐತೇನ್ರಿ?"

"ಇಲ್ರಿ. ಯಾರಿಗೆ ಬೇಕಾಗಿತ್ತು?"

"ನನಗ."

ಗುಮಾಸ್ತರು ಕನ್ನಡಕದ ಮೇಲಿನಿಂದ ಅವಳ ನರೆತ ಬೈತಲೆಯನ್ನು ನೋಡಿದರು. ನಾನೂ ಅವಳನ್ನೇ ನೋಡುತ್ತ ನಿಂತೆ. ಅವಳ ಕಿವಿಗಳು ಕೆಂಪಾಗಿದ್ದವು. ಅವಳು ನಾಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಷ್ಟು ದಿನ ಅವಳು ಕೇಳಿದ ಪ್ರಶ್ನೆಗಳಲ್ಲಿ ಅರ್ಧ ತನಗಾಗಿ ಕೇಳಿಕೊಂಡದ್ದೆಂದು ಆಗ ತಿಳಿಯಿತು.

ಮನೆಯಲ್ಲಿ ದೊಡ್ಡ ಮಾತೇ ಆಯಿತು. "ಮುಗಸೂದ್ರಾಗ ಐವತ್ತು ಹತ್ತಿರ ಬರ್ತಾವ. ಯಾರು ಕೇಸು ಕೊಡ್ತಾರ ನಿನಗ?" ಎಂದು ಅಪ್ಪ ರೇಗಿದರು. "ಓದಲಿಲ್ಲಂದ್ರೂ ಐವತ್ತು ಬರ್ತಾವಲ್ಲಣ್ಣಾ," ಅಂದಳು ಅವಳು. ಅಪ್ಪನಿಗೆ ನಗು ಬಂತು, ಸಿಟ್ಟು ಇಳಿಯಿತು. ಖಾನಾಪುರದಲ್ಲಿ ಹಾಗಾಗಲಿಲ್ಲ. ಗಂಡನ ಪಾಲಿಗಾಗಿ ತಮ್ಮ ಮೇಲೆ ದಾವೆ ಹಾಕಲೆಂದೇ ಅವಳು ಕಾನೂನು ಓದಲು ಹೊರಟಿದ್ದಾಳೆಂದು ಜಿನ್ನಪ್ಪನವರು ತಿಳಿದರು. ಊರವರೂ ಹಾಗೇ ಹೇಳಿದರು. ಅವಳು ಟ್ರಂಕು ಹಿಡಿದು ನಮ್ಮ ಮನೆಗೆ ಹೊರಟ ದಿನ ಅವರು ಭಟ್ಟಿಯಿಂದ ಮನೆಗೆ ಬರಲೇ ಇಲ್ಲ. ಅಲ್ಲಿಂದ ಮುಂದೆ ಅವಳೊಡನೆ ಮಾತು ಬಿಟ್ಟರು.

ಮೂರು ವರ್ಷ ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಸಿಟಿ ಬಸ್ಸಿನಲ್ಲಿ ಕಾಲೇಜಿಗೆ ಹೋದೆವು. ಪದ್ಮತ್ತೆ ಸಂಜೆ ಓಣಿಯ ಮಕ್ಕಳಿಗೆ ಪಾಠ ಹೇಳಿ ತನ್ನ ಫೀ ತಾನೇ ಕಟ್ಟಿದಳು. ಇಂಗ್ಲಿಷ್ ಪುಸ್ತಕಗಳು ಅವಳನ್ನು ಬಹಳ ಗೋಳಾಡಿಸಿದವು. ಒಂದು ಪುಟವನ್ನು ನಾಲ್ಕು ಸಲ ಓದಿ, ಐದನೆಯ ಸಲ ಕನ್ನಡದಲ್ಲಿ ತನಗೆ ತಾನೇ ಜಗಳದ ಹಾಗೆ ಹೇಳಿಕೊಳ್ಳುತ್ತಿದ್ದಳು. ಮೊದಲ ಪರೀಕ್ಷೆಯಲ್ಲಿ ಒಂದು ವಿಷಯ ಹೋಯಿತು. ಅಂದು ಊಟ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು, ಬೆಳಿಗ್ಗೆ ಎದ್ದು ಆ ಪ್ರಾಧ್ಯಾಪಕರ ಮನೆಯ ಬಾಗಿಲಲ್ಲಿ ನಿಂತು, "ನಾ ಎಲ್ಲಿ ತಪ್ಪಿದೆ ತಿಳಿಸಿ ಹೇಳ್ರಿ," ಎಂದು ಕೇಳಿಬಂದಳು.

ವಕೀಲಿ ಮಾಡುವ ಸನ್ನದು ಕೈಗೆ ಬಂದ ವಾರವೇ ಅವಳು ಪೇಡೆ ಕಟ್ಟಿಸಿಕೊಂಡು ಖಾನಾಪುರದ ಆ ಮನೆಗೆ ಹೋದಳು. ಜೊತೆಗೆ ನಾನೂ ಇದ್ದೆ. ಜಿನ್ನಪ್ಪನವರು ಪಡಸಾಲೆಯಲ್ಲಿ ಕುಳಿತಿದ್ದರು. ಅವಳು ಪೇಡೆ ಮುಂದಿಟ್ಟು ನಮಸ್ಕಾರ ಮಾಡಿ ಹೇಳಿದಳು: "ಭಾವನವರ, ನಿಮ್ಮ ಮ್ಯಾಲೆ ಕೇಸ ಹಾಕಾಕ ನಾ ಕಲತಿಲ್ರಿ. ನಿಮ್ಮ ಮುಂದ ನಿಂತು ಕೇಳೂದು ಬಿಡಬೇಕು ಅಂತ ಕಲತೇನಿ." ಅವರು ಒಂದು ಪೇಡೆ ಎತ್ತಿಕೊಂಡರು. ನಾವು ಹೊರಡುವವರೆಗೂ ಅದು ಅವರ ಕೈಯಲ್ಲೇ ಇತ್ತು.

ದಾರಿಯಲ್ಲಿ ನಾನು ಸಿಟ್ಟಾದೆ. ಪಾಲು ಅವಳ ಹಕ್ಕಲ್ಲವೇ? "ಹಕ್ಕು ಐತಿ. ಆದ್ರ ಆ ಕೇಸಿಗೆ ಕುಂತ್ರ ನನ್ನ ವಕೀಲಿ ಅದರಾಗನ ಮುಗದು ಹೋಗ್ತದ ಶ್ರುತಿ. ನನಗ ಬ್ಯಾರೆಯವರ ಕೇಸು ಮಾಡಬೇಕಾಗೇತಿ," ಅಂದಳು. ಈ ವಿಷಯದಲ್ಲಿ ಅವಳ ಮಾತನ್ನು ನಾನು ಇಂದಿಗೂ ಒಪ್ಪಿಲ್ಲ.

ಖಾನಾಪುರ ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದು, ಅಲ್ಲಿಯ ಕೋರ್ಟಿನ ಹಿರಿಯ ವಕೀಲರೊಬ್ಬರ ಕೈಕೆಳಗೆ ಸೇರಿಕೊಂಡಳು. ವರಾಂಡದ ಕಿಟಕಿಯ ಪಕ್ಕ ಅವಳಿಗೊಂದು ಮೇಜು ಸಿಕ್ಕಿತು. ಮೊದಲು ಯಾರೂ ಬರಲಿಲ್ಲ. ಆಮೇಲೆ ಕಾಡಂಚಿನ ಹಳ್ಳಿಗಳಿಂದ ಮರಾಠಿ ಮಾತಾಡುವ ಹೆಂಗಸರು ಒಬ್ಬೊಬ್ಬರೇ ಬರತೊಡಗಿದರು. ಜೀವನಾಂಶ, ವಿಧವೆಯ ಹೆಸರಿಗೆ ಆಗದ ಮನೆ, ಹೊಡೆಯುವ ಗಂಡ. ಮೊದಲ ಭೇಟಿಯಲ್ಲಿ ಅವಳು ಕಾಗದ ಮುಟ್ಟುತ್ತಿರಲಿಲ್ಲ. ಊಟವಾಗಿದೆಯೇ, ಮಕ್ಕಳನ್ನು ಎಲ್ಲಿ ಬಿಟ್ಟು ಬಂದಿದ್ದೀ, ವಾಪಸು ಹೋಗಲು ಬಸ್ಸಿದೆಯೇ ಎಂದು ಮರಾಠಿಯಲ್ಲೇ ವಿಚಾರಿಸುತ್ತಿದ್ದಳು. ಗಳಿಕೆ ಕೋಣೆಯ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತಿತ್ತು. ಆದರೂ ಬೆಳಗಾವಿಗೆ ಬಂದಾಗ ನನಗೊಂದು ಡ್ರೆಸ್ಸು ತರುತ್ತಿದ್ದಳು. "ನನ್ನ ಗಳಿಕಿದು," ಎಂದು ಪ್ರತಿ ಸಲ ಹೇಳುತ್ತಿದ್ದಳು.

ನಾನು ಓದು ಮುಗಿಸಿ ಬೆಳಗಾವಿಯಲ್ಲಿ ಒಬ್ಬ ಹಿರಿಯ ವಕೀಲರ ಬಳಿ ಸೇರಿದ ಮರುವರ್ಷ ಅವಳ ಹೊಟ್ಟೆನೋವು ಕ್ಯಾನ್ಸರ್ ಎಂದು ತಿಳಿಯಿತು. ಬೇನೆ ಆಗಲೇ ಬಹಳ ಮುಂದೆ ಹೋಗಿತ್ತು. ವಾರಕ್ಕೆರಡು ದಿನ ಖಾನಾಪುರಕ್ಕೆ ಹೋಗಿ ಅವಳ ಪ್ರಕರಣಗಳಲ್ಲಿ ಅವಳ ಬದಲು ನಿಲ್ಲತೊಡಗಿದೆ. ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಿದಾಗ ಅವಳ ಕೈ ಮಗುವಿನ ಕೈಯಷ್ಟು ಹಗುರವಾಗಿತ್ತು. ಶೇವಂತಾ ಎಂಬಾಕೆಯ ಜೀವನಾಂಶದ ಆದೇಶವಾಯಿತೆಂದು ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡಳು.

"ಆಕಿಗೆ ನೀನ ಹೋಗಿ ತಿಳಿಸಿ ಹೇಳು. ಕಾಗದ ಕೊಟ್ಟು ಕಳಸಬ್ಯಾಡ," ಅಂದಳು. ನನ್ನ ಕಡೆ ಮುಖ ತಿರುಗಿಸಿ, "ಭಾಳ ತಡಾ ಮಾಡಿ ಚಾಲೂ ಮಾಡಿದ್ನಿ ಶ್ರುತಿ. ಆದ್ರ ಚಲೋ ಇತ್ತು," ಅಂದಳು. ಎರಡು ದಿನಕ್ಕೆ ತೀರಿಕೊಂಡಳು.

ವಕೀಲರೊಬ್ಬರು ತೀರಿಕೊಂಡರೆ ಕೋರ್ಟಿನಲ್ಲಿ ಎಲ್ಲರೂ ಎದ್ದು ಮೌನ ಆಚರಿಸುವ ಪದ್ಧತಿಯಿದೆ. ಖಾನಾಪುರದಲ್ಲಿ ಅದು ಮುಗಿದು ನಾನು ವರಾಂಡಕ್ಕೆ ಬಂದಾಗ, ಬಿಳಿ ಟೋಪಿಯ ಜಿನ್ನಪ್ಪನವರು ಮೆಟ್ಟಿಲ ಬಳಿ ನಿಂತಿದ್ದರು. ಆ ಕೋರ್ಟಿಗೆ ಅವರು ಕಾಲಿಟ್ಟದ್ದು ಅದೇ ಮೊದಲು.

"ಪದ್ಮಾ ಎಲ್ಲಿ ಕುಂದರ್ತಿದ್ಲವಾ?" ಎಂದು ಕೇಳಿದರು.

ನಾನು ಕಿಟಕಿಯ ಪಕ್ಕದ ಮೇಜು ತೋರಿಸಿದೆ. ಅವರು ಅದನ್ನು ಮುಟ್ಟಲಿಲ್ಲ. ಎದುರಿಗೆ ಕಕ್ಷಿದಾರರು ಕೂಡುವ ಬೆಂಚಿನ ತುದಿಯಲ್ಲಿ ಕುಳಿತರು. ಅದೇ ಬೆಂಚಿನ ಮೇಲೆ ಶೇವಂತಾ ಕುಳಿತಿದ್ದಳು. ಆಕೆಗೆ ವಿಷಯ ಹೇಳುವ ಕೆಲಸ ನನ್ನದಾಗಿತ್ತು. ಆದೇಶದ ಸುದ್ದಿಯನ್ನೂ ಸಾವಿನ ಸುದ್ದಿಯನ್ನೂ ಒಟ್ಟಿಗೇ ಹೇಳಿದೆ. ಆಕೆ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಸುಧಾರಿಸಿಕೊಂಡ ಮೇಲೆ ಪಕ್ಕದ ಮುದುಕರ ಕಣ್ಣೂ ಒದ್ದೆಯಾಗಿದ್ದನ್ನು ಕಂಡು, ವಕೀಲಬಾಯಿ ನಿಮಗೆ ಏನಾಗಬೇಕಿತ್ತು ಎಂದು ಮರಾಠಿಯಲ್ಲಿ ಕೇಳಿದಳು.

ಜಿನ್ನಪ್ಪನವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮರಾಠಿಯ ಪ್ರಶ್ನೆಗೆ ಕನ್ನಡದಲ್ಲೇ ಉತ್ತರ ಕೊಟ್ಟರು.

"ನಮ್ಮ ಮನಿ ಹೆಣ್ಣಮಗಳು."